ನಾಲ್ಕು ಅಕೌಂಟ್ ಒಟ್ಟಿಗೆ ಆಡೋಕೆ 43 ಇಂಚಿನ ಟೀವಿ ಸಾಕಾ, ಮಾನಿಟರೇ ಬೇಕಾ?

ಫ್ಲೆಕ್ಸ್_ಅಣ್ಣ, ದಾವಣಗೆರೆ
ಭಾನುವಾರ, ರಾತ್ರಿ 11:50

ಮೊದಲೇ ಹೇಳಿಬಿಡುತ್ತೇನೆ, ನಾನು ಬಣ್ಣಬಣ್ಣದ ಲೈಟಿನ ಕ್ಯಾಬಿನೆಟ್ ಇಟ್ಟುಕೊಂಡ ಹುಡುಗ ಅಲ್ಲ. ವಯಸ್ಸು 44. ಡಿಟಿಪಿ ಮತ್ತು ಫ್ಲೆಕ್ಸ್ ಅಂಗಡಿ ನಡೆಸುತ್ತೇನೆ. ಹಗಲೆಲ್ಲ ಲಗ್ನಪತ್ರಿಕೆ, ಬಿಲ್ ಬುಕ್, ಮರಿ ಲೀಡರುಗಳ ಹುಟ್ಟುಹಬ್ಬದ ಬ್ಯಾನರ್. ರಾತ್ರಿ ಮಕ್ಕಳು ಮಲಗಿದ ಮೇಲೆ 10ರಿಂದ 12ರ ತನಕ ಈವ್ ಆನ್‌ಲೈನ್. ನಮ್ಮ ಬೀದಿಯವರು ಇಸ್ಪೀಟ್ ಆಡುವ ಹೊತ್ತಿಗೆ ನಾನು ಅಂತರಿಕ್ಷದಲ್ಲಿ ಕಲ್ಲು ಒಡೆಯುತ್ತಾ ಕೂತಿರುತ್ತೇನೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಐಸ್‌ಲ್ಯಾಂಡಿನ ಸಿಸಿಪಿ ಅನ್ನುವವರು 2003ರಲ್ಲಿ ಬಿಟ್ಟ ಆಟ. ಚೀನಾ ಒಂದನ್ನು ಬಿಟ್ಟರೆ ಪ್ರಪಂಚದವರೆಲ್ಲ ಒಂದೇ ಸರ್ವರಿನಲ್ಲಿ ಆಡುತ್ತಾರೆ. ದಿನಾ ಸಂಜೆ ನಮ್ಮ 4:30ಕ್ಕೆ ಸರ್ವರ್ ಸ್ವಲ್ಪ ಹೊತ್ತು ಮಲಗುತ್ತೆ, ನಮ್ಮ ಅಂಗಡಿಯಲ್ಲಿ ಟೀ ಬರುವ ಹೊತ್ತು ಅದು. ದುಡ್ಡು ಕಟ್ಟಿದ ಅಕೌಂಟ್ ಆದರೆ ಒಬ್ಬನೇ ಎಷ್ಟು ಬೇಕಾದರೂ ಒಟ್ಟಿಗೆ ತೆರೆದು ಆಡಬಹುದು. ಬಿಟ್ಟಿ ಅಕೌಂಟಿಗೆ ಆ ಸೌಕರ್ಯ ಇಲ್ಲ.

ನನ್ನವು ನಾಲ್ಕು. ಒಂದರಲ್ಲಿ ಓರ್ಕಾ, ಅದಿರು ತುಂಬಿಕೊಳ್ಳುವ ದೊಡ್ಡ ಹಡಗು. ಎರಡರಲ್ಲಿ ರಿಟ್ರೀವರ್, ಅಗೆಯುವ ಕೆಲಸ ಅವುಗಳದ್ದು. ನಾಲ್ಕನೆಯವನು ಕಾವಲುಗಾರ. ಪಕ್ಕದ ಸಿಸ್ಟಮ್ಮಿನಲ್ಲಿ, ಅಂದರೆ ಆಟದೊಳಗಿನ ಪಕ್ಕದ ನಕ್ಷತ್ರ ಮಂಡಲದಲ್ಲಿ, ನಮ್ಮ ಕಡೆ ದಾಟುವ ಗೇಟ್ ಹತ್ತಿರ ಅಡಗಿ ಕೂತಿರುತ್ತಾನೆ. ಅಲ್ಲಿಗೆ ಯಾರು ಬಂದರೂ 'ಲೋಕಲ್' ಅನ್ನುವ ಪಟ್ಟಿಯಲ್ಲಿ ಹೆಸರು ಬೀಳುತ್ತೆ. ಹೆಸರಿನ ಪಕ್ಕ ಎಳ್ಳು ಕಾಳಿನಷ್ಟು ಒಂದು ಚೌಕ. ನೀಲಿ, ಒಳಗೆ ಪ್ಲಸ್ ಇದ್ದರೆ ನಮ್ಮವನು. ಕೆಂಪು, ಒಳಗೆ ಮೈನಸ್ ಇದ್ದರೆ ಗಂಟುಮೂಟೆ ಕಟ್ಟಿ ಓಡಬೇಕು.

ಈಗ ಇರುವ ವ್ಯವಸ್ಥೆ ಹೀಗಿದೆ. ಎದುರಿಗೆ 24 ಇಂಚಿನ ಮಾನಿಟರ್, 1920×1080. ಎಡಗಡೆ ಗೋಡೆಯಲ್ಲಿ 32 ಇಂಚಿನ ಹಳೇ ಟೀವಿ, 1366×768. ಮನೆಗೆ ಹೊಸ ಟೀವಿ ಬಂದಾಗ ಅಮ್ಮ 'ಎಸೀಬೇಡ ಕಣೋ' ಅಂದರು, ನಾನು ತಂದು ನೇತುಹಾಕಿದೆ. ಓರ್ಕಾ ಮಾನಿಟರಿನಲ್ಲಿ, ಅದರ ಹಿಂದೆ ರಿಟ್ರೀವರ್‌ಗಳು. ಕಾವಲುಗಾರ ಟೀವಿಯಲ್ಲಿ.

ಹೋದ ಗುರುವಾರ ರಾತ್ರಿ ಟೀವಿಯ ಪಟ್ಟಿಯಲ್ಲಿ ಏನೋ ಒಂದು ಹೊಸದು ಬಿತ್ತು. ಬಣ್ಣ ಇದೆ, ಆದರೆ ಯಾವ ಬಣ್ಣ? ಕತ್ತಲೆ ಹಿನ್ನೆಲೆಯಲ್ಲಿ ಕುಂಕುಮಕ್ಕೆ ನೀರು ಬಿದ್ದ ಹಾಗೆ ಹರಡಿಕೊಂಡಿದೆ. ಹೆಸರು ಓದಲು ಆಗುತ್ತಿಲ್ಲ. ಕುರ್ಚಿಯಿಂದ ಅರ್ಧ ಎದ್ದು, ಕನ್ನಡಕ ಹಣೆಗೆ ಏರಿಸಿ, ಗೋಡೆ ಹತ್ತಿರ ಮುಖ ಒಯ್ದೆ. ಮೈನಸ್ಸೇ. ವಾಪಸ್ ಕೂತು ಮೌಸ್ ಹಿಡಿಯುವಷ್ಟರಲ್ಲಿ ಅವರು ನಮ್ಮ ಸಿಸ್ಟಮ್ಮಿಗೇ ಬಂದಾಗಿತ್ತು. ರಿಟ್ರೀವರ್ ಎರಡೂ ಹೇಗೋ ಪಾರಾದವು. ಓರ್ಕಾ ತಿರುಗುವುದು ಕೆರೆಯಲ್ಲಿ ಮಲಗಿದ ಎಮ್ಮೆ ಏಳುವ ಹಾಗೆ. ಹೋಯಿತು.

ಹಡಗು ಹೋಗಿದ್ದಕ್ಕಿಂತ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಲಗ್ನಪತ್ರಿಕೆಯಲ್ಲಿ 'ಧ'ದ ಹೊಟ್ಟೆ ಸೀಳಿಲ್ಲ ಅಂತ ನಮ್ಮ ಹುಡುಗನಿಗೆ ದಿನಾ ಬೈಯುವವನು ನಾನು. ಅಂಥವನಿಗೆ ಅಕ್ಷರ ಕಾಣದೆ ಹಡಗು ಹೋಯಿತು ಅಂದರೆ ಯಾರ ಮುಂದೆ ಹೇಳಿಕೊಳ್ಳಲಿ?

ಅದಕ್ಕೇ ಈ ಪ್ರಶ್ನೆ. ಕೈಯಲ್ಲಿ 35 ಸಾವಿರ ಇದೆ. ಮೇಜು 4 ಅಡಿ ಅಗಲ, 2 ಅಡಿ ಆಳ. ಗ್ರಾಫಿಕ್ಸ್ ಕಾರ್ಡಿನಲ್ಲಿ ಎಚ್‌ಡಿಎಂಐ 2.0 ಒಂದು, ಡಿಸ್‌ಪ್ಲೇ ಪೋರ್ಟ್ ಮೂರು. ರ‍್ಯಾಮ್ 32 ಜಿಬಿ.

ನನ್ನ ಲೆಕ್ಕ ಏನೆಂದರೆ, 4ಕೆ ಅಂದರೆ 3840×2160. ಅದರೊಳಗೆ 1920×1080 ಸರಿಯಾಗಿ ನಾಲ್ಕು ಕೂರುತ್ತೆ. 43 ಇಂಚಿನ 4ಕೆ ಟೀವಿ ತಂದರೆ ಇಂಚಿಗೆ 102 ಪಿಕ್ಸೆಲ್ ಚಿಲ್ಲರೆ, ಅಂದರೆ 21.5 ಇಂಚಿನ ನಾಲ್ಕು ಮಾನಿಟರನ್ನು ನಡುವೆ ಪಟ್ಟಿ ಇಲ್ಲದೆ ಅಂಟಿಸಿದ ಹಾಗೆ. ಇಲ್ಲವೆಂದರೆ 27 ಇಂಚಿನ 2560×1440 ಮಾನಿಟರ್ ಎರಡು. ಭಾಮೈದ ಬೇರೆ 'ತಗೊಳ್ಳೋದೇ ಆದ್ರೆ 55 ಇಂಚೇ ತಗೋ ಭಾವ' ಅಂತಿದ್ದಾನೆ, ಅವನಿಗೆ ಕ್ರಿಕೆಟ್ ನೋಡಬೇಕು.

ಪಾಯಿಂಟು, ಡಿಪಿಐ ನನಗೆ ಹೇಳಿಕೊಡಬೇಡಿ, ಅದರಲ್ಲೇ ಅನ್ನ ತಿನ್ನುತ್ತಿದ್ದೇನೆ. ಟೀವಿ ಒಳಗೆ ಹೋದ ಮೇಲೆ ಅಕ್ಷರಕ್ಕೆ ಏನಾಗುತ್ತೆ, ಅದು ಹೇಳಿ. ಮತ್ತೆ ನಾಲ್ಕು ಅಕೌಂಟ್ ನಿಜವಾಗಿ ಆಡುವವರು ಯಾರಾದರೂ ಇದ್ದರೆ ನಿಮ್ಮ ಮೇಜು ಹೇಗಿದೆ ತಿಳಿಸಿ.


ಒಂದೇ_ಅಕೌಂಟ್
ಸೋಮವಾರ, ಬೆಳಿಗ್ಗೆ 7:15

ಅಣ್ಣ, 35 ಸಾವಿರ ಉಳಿಸೋ ಐಡಿಯಾ ಹೇಳ್ತೀನಿ. ಒಂದೇ ಅಕೌಂಟ್ ಆಡಿ. 2022ರ ಮೇ ತಿಂಗಳಲ್ಲಿ ಅವರು ತಿಂಗಳ ಚಂದಾ 15 ಡಾಲರ್‌ನಿಂದ 20 ಡಾಲರ್ ಮಾಡಿದರು. ನಾಲ್ಕು ಅಕೌಂಟಿಗೆ 80 ಡಾಲರ್. ಆ ದುಡ್ಡಲ್ಲಿ ಮನೆಗೆ ನಿಜವಾದ ಕಲ್ಲು ತಂದು ಕಾಂಪೌಂಡ್ ಕಟ್ಟಿಸಬಹುದಿತ್ತು.


ಫ್ಲೆಕ್ಸ್_ಅಣ್ಣ, ದಾವಣಗೆರೆ
ಸೋಮವಾರ, ಬೆಳಿಗ್ಗೆ 9:40

ಎರಡಕ್ಕೆ ಆಟದಲ್ಲೇ ದುಡಿದು ಪ್ಲೆಕ್ಸ್ (ಚಂದಾ ಬದಲಿಗೆ ಕೊಡುವ ಆಟದ ಟೋಕನ್) ಕೊಳ್ಳುತ್ತೇನೆ ಮಾರಾಯ, 500 ಪ್ಲೆಕ್ಸ್ ಕೊಟ್ಟರೆ ಒಂದು ತಿಂಗಳು. ಇನ್ನೆರಡಕ್ಕೆ ಮಾತ್ರ ಜೇಬಿನಿಂದ. ಸಿಗರೇಟ್ ಬಿಟ್ಟ ದುಡ್ಡು ಅದು. ಮನೆಯಲ್ಲಿ ಅದೇ ಲೆಕ್ಕ ಒಪ್ಪಿಸಿದ್ದೇನೆ, ನೀನು ಕೆಡಿಸಬೇಡ.


ಐದು_ತಲೆ, ಬೆಂಗಳೂರು
ಸೋಮವಾರ, ಮಧ್ಯಾಹ್ನ 1:20

ನಿಮ್ಮ ಪ್ರಶ್ನೆ ಓದಿ ನನ್ನ ಹಳೇ ಕಥೆ ನೆನಪಾಯಿತು ಸರ್. ನಾನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನಲ್ಲಿ ಐದು ಅಕೌಂಟ್ ಓಡಿಸುತ್ತಿದ್ದೆ. ಒಂದು ಕೀ ಒತ್ತಿದರೆ ಐವರೂ ಒಟ್ಟಿಗೆ ಹೊಡೆಯುತ್ತಿದ್ದರು, ಅಂಥ ಸಾಫ್ಟ್‌ವೇರ್ ಇತ್ತು. ಆಗ ಐದು ವಿಂಡೋನೂ ಕಣ್ಣ ಮುಂದೆ ಒಂದೇ ಸಮ ಬೇಕಿತ್ತು. ಯಾಕೆಂದರೆ ಒಬ್ಬ ಗೋಡೆಗೆ ಸಿಕ್ಕಿಕೊಂಡರೂ ಗೊತ್ತಾಗಬೇಕಲ್ಲ. ಅದಕ್ಕೆ ದೊಡ್ಡ ಟೀವಿ ತಂದೆ. 2020ರ ನವೆಂಬರಿನಲ್ಲಿ ಆ ಆಟದ ಕಂಪನಿ ಬ್ಲಿಝಾರ್ಡ್ ಆ ಒಂದೇ ಕೀ ಐದು ಕಡೆ ಕಳಿಸುವ ಸಾಫ್ಟ್‌ವೇರ್ ನಿಷೇಧಿಸಿತು. ಟೀವಿ ಉಳಿಯಿತು, ಕಾರಣ ಹೋಯಿತು.

ಈವ್‌ನಲ್ಲಂತೂ ಅದು 2015ರ ಜನವರಿ 1ರಿಂದಲೇ ಇಲ್ಲ. ಅಂದರೆ ನೀವು ಒಂದು ಹೊತ್ತಿಗೆ ಒಂದೇ ವಿಂಡೋದಲ್ಲಿ ಕ್ಲಿಕ್ ಮಾಡುತ್ತೀರಿ. ಬಾಕಿ ಮೂರನ್ನು ಬರೀ ನೋಡುತ್ತೀರಿ. ಹಾಗಿರುವಾಗ ನಾಲ್ಕಕ್ಕೂ 1920×1080 ಯಾಕೆ ಕೊಡಬೇಕು? ಸುಮ್ನೆ ಯೋಚಿಸಿ. ರಿಟ್ರೀವರ್ ವಿಂಡೋದಲ್ಲಿ ನೀವು ನೋಡುವುದು ಎರಡೇ: ಲೇಸರ್ ಉರಿಯುತ್ತಿದೆಯಾ, ಹೊಟ್ಟೆ ತುಂಬಿತಾ. ಅದಕ್ಕೆ ಬೀಡಿಕಟ್ಟಿನಷ್ಟು ಜಾಗ ಸಾಕು.

ನಾನು ಈಗ ಮಾಡಿರುವುದು ಹೀಗೆ. 27 ಇಂಚಿನ 2560×1440 ಒಂದು. ಎಡಕ್ಕೆ ದೊಡ್ಡ ವಿಂಡೋ 1920 ಅಗಲ. ಬಲಕ್ಕೆ 640 ಪಿಕ್ಸೆಲ್ ಉಳಿಯುತ್ತೆ. ಅಲ್ಲಿ ಈವ್-ಓ ಪ್ರಿವ್ಯೂ ಅನ್ನುವ ಪ್ರೋಗ್ರಾಂ ಹಾಕಿ ಉಳಿದ ಮೂರನ್ನು 640×360ರ ಚಿಕ್ಕ ಚಿತ್ರಗಳಾಗಿ ಒಂದರ ಕೆಳಗೆ ಒಂದು ಜೋಡಿಸಿದ್ದೇನೆ. ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಆ ಅಕೌಂಟ್ ಮುಂದೆ ಬರುತ್ತೆ. ಅದು ವಿಂಡೋವನ್ನು ಇದ್ದ ಹಾಗೆ ಚಿಕ್ಕದು ಮಾಡಿ ತೋರಿಸುತ್ತೆ, ಅಷ್ಟೇ. ಕೀ ಎಲ್ಲೂ ಕಳಿಸುವುದಿಲ್ಲ.

ಗ್ರಾಫಿಕ್ಸ್ ಕಾರ್ಡಿಗೂ ಇದು ಹಗುರ. ಕಾರ್ಡಿನ ಡ್ರೈವರ್‌ನಲ್ಲಿ ಹಿಂದಿರುವ ವಿಂಡೋಗಳಿಗೆ ಫ್ರೇಮ್ ಮಿತಿ ಹಾಕುವ ಜಾಗ ಇರುತ್ತೆ, ಸೆಕೆಂಡಿಗೆ 20ಕ್ಕೆ ಇಡಿ. ಕಲ್ಲು ಒಡೆಯುವುದನ್ನು 60 ಫ್ರೇಮಿನಲ್ಲಿ ನೋಡಿ ಏನಾಗಬೇಕು? ಫ್ಯಾನ್ ಸದ್ದು ಅರ್ಧ ಆಗುತ್ತೆ, ಮಕ್ಕಳೂ ಏಳುವುದಿಲ್ಲ.

55 ಇಂಚು ಮಾತ್ರ ಬೇಡ. 4ಕೆ ಆದರೂ ಇಂಚಿಗೆ 80 ಪಿಕ್ಸೆಲ್. 2 ಅಡಿ ಮೇಜಿನಲ್ಲಿ ಕೂತರೆ ಟೆನಿಸ್ ಮ್ಯಾಚ್ ನೋಡಿದ ಹಾಗೆ ತಲೆ ತಿರುಗಿಸಬೇಕು. ಅಂಗಡಿಯಲ್ಲಿ 'ತೆರಿಗೆ ಇಳಿದಿದೆ, ದೊಡ್ಡದೇ ತಗೊಳ್ಳಿ' ಅಂತ ಹೇಳುತ್ತಾರೆ. ಇಳಿದಿರುವುದು ನಿಜ. 32 ಇಂಚು ದಾಟಿದ ಟೀವಿಗೆ 28 ಇದ್ದ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 18 ಆಗಿದೆ. ಆದರೆ ತೆರಿಗೆ ಇಳಿದರೆ ನಿಮ್ಮ ಮೇಜು ಅಗಲ ಆಗುವುದಿಲ್ಲವಲ್ಲ.


ಚಿತ್ರಪಟ_ರಿಪೇರಿ, ಹುಬ್ಬಳ್ಳಿ
ಸೋಮವಾರ, ರಾತ್ರಿ 9:05

ನೋಡ್ರಿ ಸರ, ಆಟ ನನಗ ಗೊತ್ತಿಲ್ಲ. ಟೀವಿ ಬಿಚ್ಚಿ ಜೋಡಿಸೋದು 19 ವರ್ಷದಿಂದ ಮಾಡುತ್ತಿದ್ದೇನೆ. ನೀವು ಕೇಳಿದ್ದು ಒಳಗೆ ಏನಾಗುತ್ತೆ ಅಂತ. ಅದಕ್ಕೆ ನಾನು ಉತ್ತರ ಕೊಡಬಲ್ಲೆ.

ಮೊದಲು ನಿಮ್ಮ ಹಳೇ ಟೀವಿ. ಅದರ ಪ್ಯಾನೆಲ್ 1366×768. ಆದರೆ ಎಚ್‌ಡಿಎಂಐನಲ್ಲಿ ಅಂಥ ಟೀವಿಗಳು ಸಾಮಾನ್ಯವಾಗಿ ತಗೊಳ್ಳುವುದು 1280×720 ಅಥವಾ 1920×1080. ಎರಡೂ ಪ್ಯಾನೆಲ್ಲಿಗೆ ಸರಿಹೊಂದುವುದಿಲ್ಲ. ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು. ಅದರ ಮೇಲೆ ಓವರ್‌ಸ್ಕ್ಯಾನ್ ಅಂತ ಒಂದಿದೆ. ಹಳೇ ಕಾಲದ ಡಬ್ಬಾ ಟೀವಿಯಲ್ಲಿ ಚಿತ್ರದ ಅಂಚು ಸರಿ ಇರುತ್ತಿರಲಿಲ್ಲ, ಅದನ್ನು ಮುಚ್ಚಲು ಚಿತ್ರವನ್ನೇ ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತಿದ್ದರು. ಡಬ್ಬಾ ಹೋಯಿತು, ಚಾಳಿ ಹೋಗಿಲ್ಲ. ಹೀಗೆ ಎರಡು ಸಲ ಎಳೆದ ಅಕ್ಷರ ನೆಟ್ಟಗೆ ಹೇಗೆ ಕಾಣಬೇಕು? ಹಿಂದೆ ವಿಜಿಎ ಪೋರ್ಟ್ ಇದ್ದರೆ ಅದರಲ್ಲಿ 1360×768 ಕೊಟ್ಟು ನೋಡಿ. ಬಹಳ ಸುಧಾರಿಸುತ್ತೆ.

ಇನ್ನು ಕೆಂಪು ಹರಡಿದ್ದು. ಇದು ಮುಖ್ಯ. ಸಿನಿಮಾ, ಸೀರಿಯಲ್ ಎಲ್ಲ ಬರುವುದು 4:2:0 ಅನ್ನುವ ಲೆಕ್ಕದಲ್ಲಿ. ಬೆಳಕು ಪ್ರತಿ ಪಿಕ್ಸೆಲ್ಲಿಗೂ ಬೇರೆ ಬೇರೆ ಇರುತ್ತೆ. ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ ಸೇರಿ ಒಂದು. ನಾಲ್ಕು ಮನೆಗೆ ಒಂದೇ ನಲ್ಲಿ ಇದ್ದ ಹಾಗೆ. ನಟಿಯ ಮುಖ ನೋಡುವಾಗ ಯಾರಿಗೂ ಗೊತ್ತಾಗುವುದಿಲ್ಲ. ಬಿಳಿ ಮೇಲೆ ಕಪ್ಪು ಅಕ್ಷರಕ್ಕೂ ನಡೆಯುತ್ತೆ, ಅಲ್ಲಿ ಬಣ್ಣವೇ ಇಲ್ಲವಲ್ಲ. ಕಪ್ಪಿನ ಮೇಲೆ ಕೆಂಪು ಅಕ್ಷರ ಬಂತೋ, ಸಾಯಿತು. ನಿಮ್ಮ ಮೈನಸ್ ಚೌಕ ಅದೇ ಅಲ್ರಿ?

ಹೊಸ 4ಕೆ ಟೀವಿಯಲ್ಲೂ ಇದೇ ಕಾಟ ಬರಬಹುದು, ಹುಷಾರು. 4ಕೆ ಚಿತ್ರ ಸೆಕೆಂಡಿಗೆ 60 ಸಲ ಪೂರ್ತಿ ಬಣ್ಣದೊಂದಿಗೆ ಹೋಗಬೇಕೆಂದರೆ ಎಚ್‌ಡಿಎಂಐ 2.0 ಬೇಕು. ಹಳೇ 1.4 ಪೋರ್ಟಿಗೆ ಚುಚ್ಚಿದರೆ ಒಂದೋ 30ಕ್ಕೆ ಇಳಿಯುತ್ತೆ, ಮೌಸ್ ಜಿಡ್ಡು ಹಿಡಿದ ಹಾಗೆ ಆಗುತ್ತೆ. ಇಲ್ಲವೇ ಬಣ್ಣ ಕತ್ತರಿಸಿ 60 ಕೊಡುತ್ತೆ. ಪೋರ್ಟ್ ಸರಿ ಇದ್ದರೂ ಸೆಟ್ಟಿಂಗ್ ಆಫ್ ಇರುತ್ತೆ. ಎಲ್‌ಜಿಯಲ್ಲಿ 'ಅಲ್ಟ್ರಾ ಎಚ್‌ಡಿ ಡೀಪ್ ಕಲರ್', ಸ್ಯಾಮ್‌ಸಂಗ್‌ನಲ್ಲಿ 'ಇನ್‌ಪುಟ್ ಸಿಗ್ನಲ್ ಪ್ಲಸ್', ಸೋನಿಯಲ್ಲಿ 'ಎನ್‌ಹಾನ್ಸ್ಡ್ ಫಾರ್ಮ್ಯಾಟ್'. ಹೆಸರು ಬೇರೆ, ಕೆಲಸ ಒಂದೇ. ಅದನ್ನು ಆನ್ ಮಾಡಿ. ಆಮೇಲೆ ಇನ್‌ಪುಟ್ ಹೆಸರನ್ನು 'ಪಿಸಿ' ಅಂತ ಬದಲಿಸಿ. ನಗಬೇಡ್ರಿ. ಎಷ್ಟೋ ಟೀವಿಗಳಲ್ಲಿ ಆ ಹೆಸರು ಬದಲಿಸಿದ ಮೇಲೆಯೇ ಪೂರ್ತಿ ಬಣ್ಣ ಬರುತ್ತೆ. ಶಾರ್ಪ್‌ನೆಸ್ ಪೂರ್ತಿ ಇಳಿಸಿ. ಗೇಮ್ ಮೋಡ್ ಆನ್ ಮಾಡಿ, ಇಲ್ಲದಿದ್ದರೆ ಕೈ ಮುಂದೆ, ಚಿತ್ರ ಹಿಂದೆ.

ಕೊನೆಗೊಂದು, ಇದನ್ನು ಯಾವ ಸೇಲ್ಸ್‌ಮನ್ನೂ ಹೇಳುವುದಿಲ್ಲ. ಮಾನಿಟರ್ ಆದರೆ ಪಿಸಿ ಮಲಗಿದಾಗ ಮಲಗುತ್ತೆ, ಎದ್ದಾಗ ಏಳುತ್ತೆ. ಟೀವಿಗೆ ಸಾಮಾನ್ಯವಾಗಿ ಆ ಬುದ್ಧಿ ಇಲ್ಲ. ಕರೆಂಟ್ ಹೋಗಿ ಬಂದರೆ ರಿಮೋಟ್ ಹುಡುಕಬೇಕು. ಎಷ್ಟೋ ಸಲ ನೇರ ತನ್ನ ಹೋಮ್ ಪರದೆಗೆ ಹೋಗಿ ಸಿನಿಮಾ ಪೋಸ್ಟರ್ ತೋರಿಸುತ್ತಾ ಕೂರುತ್ತೆ. ನಿಮ್ಮ ಪಿಸಿ ಯುಪಿಎಸ್ ಮೇಲೆ ಇದ್ದು ಟೀವಿ ಇಲ್ಲದಿದ್ದರೆ ಆಟ ಓಡುತ್ತಿರುತ್ತೆ, ನೀವು ಕುರುಡರಾಗಿರುತ್ತೀರಿ.


ಕುಡ್ಲದ_ಅಕ್ಕ, ಮ್ಯೂನಿಕ್
ಮಂಗಳವಾರ, ಬೆಳಗಿನ ಜಾವ 2:30 (ಇಲ್ಲಿ ಇನ್ನೂ ರಾತ್ರಿ ಊಟ ಆಗಿ ಸ್ವಲ್ಪ ಹೊತ್ತು ಅಷ್ಟೇ)

ಫ್ಲೆಕ್ಸ್ ಅಣ್ಣ, ನಾನು ಆ 43 ಇಂಚಿನ ದಾರಿಯಲ್ಲಿ ಹೋಗಿ ಬಂದವಳು. ಮೂರು ಅಕೌಂಟ್ ನನ್ನದು. ಅಕ್ಷರದ ಸಮಸ್ಯೆ ಹುಬ್ಬಳ್ಳಿಯವರು ಹೇಳಿದ ಹಾಗೆ ಸರಿಮಾಡಿಕೊಂಡೆ. ನನ್ನನ್ನು ಸೋಲಿಸಿದ್ದು ಕುತ್ತಿಗೆ.

ಆ ಟೀವಿ ಅಗಲ 95 ಸೆಂ.ಮೀ., ಎತ್ತರ 53 ಚಿಲ್ಲರೆ. ಕಾಲು ಸೇರಿಸಿದರೆ ಇನ್ನೂ ಮೇಲೆ. ಮೇಜಿನ ಮೇಲೆ ಇಟ್ಟರೆ ಮೇಲಿನ ಎರಡು ವಿಂಡೋ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗುತ್ತವೆ. ಸಿನಿಮಾ ಟಾಕೀಸಿನಲ್ಲಿ ಮುಂದಿನ ಸಾಲಿನಲ್ಲಿ ಕೂತವರಿಗೆ ಗೊತ್ತು ಆ ನೋವು. ಹಗಲು ಆಫೀಸಿನಲ್ಲಿ ಎಂಟು ಗಂಟೆ ಸ್ಕ್ರೀನ್, ರಾತ್ರಿ ಮತ್ತೆ ಇದು. ಮೂರನೇ ವಾರಕ್ಕೆ ಬಲ ಭುಜ ಎತ್ತಲು ಆಗಲಿಲ್ಲ.

ಇನ್ನೊಂದು ಓರೆ ನೋಟ. ಪರದೆಯ ಪ್ಯಾನೆಲ್ಲಿನಲ್ಲಿ ವಿಎ, ಐಪಿಎಸ್ ಅಂತ ಬಗೆಗಳಿವೆ, ನನ್ನದು ವಿಎ. ಎದುರಿನಿಂದ ಕಪ್ಪು ಎಂದರೆ ಕಪ್ಪು, ಅಂತರಿಕ್ಷ ಚೆನ್ನಾಗಿ ಕಾಣುತ್ತೆ. ಆದರೆ 70 ಸೆಂ.ಮೀ. ದೂರದಲ್ಲಿ ನಡುವೆ ಕೂತರೆ ಅಂಚನ್ನು ಸುಮಾರು 34 ಡಿಗ್ರಿ ಓರೆಯಲ್ಲಿ ನೋಡುತ್ತೀರಿ. ವಿಎಗೆ ಅಷ್ಟು ಓರೆ ಆಗಿಬರುವುದಿಲ್ಲ, ಬಣ್ಣ ಮಾಸುತ್ತೆ. ಲೋಕಲ್ ಪಟ್ಟಿ ಎಲ್ಲಿರುತ್ತೆ ಹೇಳಿ? ಅಂಚಿನಲ್ಲೇ ಅಲ್ವಾ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದಿ ಆಗುತ್ತೆ, ಆದರೆ ಅಂಚಿನ ಬಣ್ಣ ಉಳಿಯುತ್ತೆ. ಓದುವ ಆಟಕ್ಕೆ ಐಪಿಎಸ್ಸೇ ಸರಿ.

ಒಎಲ್ಇಡಿ ಕಡೆ ಯಾರಾದರೂ ಎಳೆದರೆ ಹೋಗಬೇಡಿ. ಬಜೆಟ್ಟೂ ಮೀರುತ್ತೆ. ನಾಲ್ಕು ವಿಂಡೋದ ಪಟ್ಟಿ, ಬಟನ್ನು ದಿನಾ ಎರಡು ಗಂಟೆ ಒಂದೇ ಜಾಗದಲ್ಲಿ ನಿಂತಿರುತ್ತವೆ. ನನ್ನ ಸಹೋದ್ಯೋಗಿಯ ಒಎಲ್ಇಡಿಯಲ್ಲಿ ಆಟ ಮುಚ್ಚಿದ ಮೇಲೂ ಬಟನ್ ಸಾಲಿನ ನೆರಳು ಕಾಣುತ್ತೆ. ಗೋಡೆಯಿಂದ ಕ್ಯಾಲೆಂಡರ್ ತೆಗೆದರೂ ಅದರ ಗುರುತು ಉಳಿಯುತ್ತಲ್ಲ, ಹಾಗೆ.

ಆದರೂ ಟೀವಿಯೇ ಬೇಕು ಅಂದರೆ ಗೋಡೆಗೆ ಹಾಕಿ, ಮೇಜಿಗಿಂತ ತಗ್ಗಿಸಿ. ಕೈ ಹಾಕುವ ವಿಂಡೋ ಕೆಳಗಿನ ಸಾಲಿನಲ್ಲಿ, ಬರೀ ಕಣ್ಣು ಹಾಯಿಸುವವು ಮೇಲೆ. ನಾನು ಇದನ್ನು ತಡವಾಗಿ ಕಲಿತೆ.


ಫ್ಲೆಕ್ಸ್_ಅಣ್ಣ, ದಾವಣಗೆರೆ
ಮುಂದಿನ ಸೋಮವಾರ, ರಾತ್ರಿ 12:20

ಎಲ್ಲರಿಗೂ ಉತ್ತರ ಬಾಕಿ ಇದೆ, ಒಟ್ಟಿಗೆ ಹೇಳುತ್ತೇನೆ.

ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡೋಣ ಅನ್ನಿಸಿತು. ಭಾಮೈದನ ಮನೆಯಲ್ಲಿ 43 ಇಂಚಿನ 4ಕೆ ಟೀವಿ ಇದೆ. 'ಒಂದು ದಿನ ಕೊಡು, ಭಾನುವಾರ ಮ್ಯಾಚ್ ಶುರುವಾಗುವ ಮೊದಲು ವಾಪಸ್' ಅಂದೆ. ಓಮ್ನಿಯಲ್ಲಿ ಫ್ಲೆಕ್ಸ್ ರೋಲುಗಳ ನಡುವೆ ಕಂಬಳಿ ಸುತ್ತಿ ತಂದೆವು.

ಶನಿವಾರ ಅಂಗಡಿಯಲ್ಲಿ ಒಂದು ಚಿತ್ರ ಮಾಡಿಟ್ಟುಕೊಂಡಿದ್ದೆ. 3840×2160, ಪೂರ್ತಿ ಕಪ್ಪು. ಅದರ ನಾಲ್ಕು ಮೂಲೆಯಲ್ಲೂ ನಡುವೆಯೂ ಕೆಂಪಿನಲ್ಲಿ ಮೂರೇ ಅಕ್ಷರ: ದ ಧ ಥ. ಮೊದಲ ಸಾಲು 14 ಪಾಯಿಂಟ್, ಕೆಳಗೆ 12, 10, 9, 8. ನಮ್ಮ ಕಸುಬಿನಲ್ಲಿ ಪ್ರಿಂಟರ್ ಪರೀಕ್ಷೆ ಮಾಡುವುದು ಹೀಗೇ. 'ದ'ಕ್ಕೆ ಏನೂ ಇಲ್ಲ, 'ಧ'ಕ್ಕೆ ಹೊಟ್ಟೆ ಸೀಳು, 'ಥ'ಕ್ಕೆ ಸೀಳಿನ ಜೊತೆ ಒಳಗೊಂದು ಚುಕ್ಕೆ. ಈ ಮೂರನ್ನೂ ಬೇರೆ ಬೇರೆ ತೋರಿಸುವ ಯಂತ್ರ ಏನನ್ನಾದರೂ ತೋರಿಸುತ್ತೆ.

ಟೀವಿಗೆ ಸುಮ್ನೆ ಚುಚ್ಚಿ ನೋಡಿದೆ. 14 ಪಾಯಿಂಟಿನಲ್ಲೇ ಥ ಹೋಗಿ ಧ ಆಗಿತ್ತು, ಚುಕ್ಕೆ ಕೆಂಪಿನಲ್ಲಿ ಮುಳುಗಿಹೋಗಿತ್ತು. 10ಕ್ಕೆ ಬರುವಷ್ಟರಲ್ಲಿ ಮೂರೂ ಒಂದೇ, ದಾಳಿಂಬೆ ಬೀಜದ ಹಾಗೆ. ಆಮೇಲೆ ಹುಬ್ಬಳ್ಳಿಯವರು ಹೇಳಿದ್ದು ಮಾಡಿದೆ. ಪೋರ್ಟ್ ಬದಲಿಸಿದೆ, ಡೀಪ್ ಕಲರ್ ಆನ್, ಇನ್‌ಪುಟ್ ಹೆಸರು ಪಿಸಿ, ಶಾರ್ಪ್‌ನೆಸ್ ಸೊನ್ನೆ. ಪರದೆ ಒಂದು ಸಲ ಕಪ್ಪಾಗಿ ಬಂತು. ಸರ್, ಎದ್ದು ನಿಂತು ನಿಮಗೆ ಕೈ ಮುಗಿದೆ. 9 ಪಾಯಿಂಟಿನಲ್ಲಿ ಚುಕ್ಕೆ ಕಾಣುತ್ತಿದೆ! ಬರೀ ಹೆಸರು ಬದಲಿಸಿದ್ದಕ್ಕೆ ಒಂದು ಯಂತ್ರ ಹೀಗೆ ಮರ್ಯಾದೆಯಿಂದ ನಡೆದುಕೊಳ್ಳುವುದು ನಮ್ಮ ಕೆಲವು ಸರ್ಕಾರಿ ಕಚೇರಿಗಳಲ್ಲಿ ಮಾತ್ರ ನೋಡಿದ್ದೆ.

ಅಷ್ಟಾದರೂ ಟೀವಿ ತಗೊಳ್ಳಲಿಲ್ಲ. ಭಾನುವಾರ ಬೆಳಿಗ್ಗೆ ನಾಲ್ಕೂ ಅಕೌಂಟ್ ತೆರೆದು ಎರಡು ಗಂಟೆ ಆಡಿದೆ. ಅಕ್ಕ ಹೇಳಿದ್ದು ಅಕ್ಷರಶಃ ನಿಜ. ಟೀವಿ ಕಾಲುಗಳು ಮೇಜಿನ ಮುಂದಕ್ಕೆ ಬರುತ್ತವೆ, ನನಗೂ ಪರದೆಗೂ ನಡುವೆ ಒಂದು ಮೊಳ ಉಳಿಯಿತು. ಹನ್ನೊಂದು ಗಂಟೆಗೆ ಕರೆಂಟ್ ಬೇರೆ ಹೋಯಿತು. ಪಿಸಿ ಯುಪಿಎಸ್ ಮೇಲೆ ಓಡುತ್ತಿದೆ, ಹೆಡ್‌ಫೋನಿನಲ್ಲಿ ಲೇಸರ್ ಸದ್ದು ಬರುತ್ತಿದೆ, ಎದುರಿಗೆ ಕಪ್ಪು ಹಲಗೆ. ಇನ್ವರ್ಟರ್ ಬಂದ ಮೇಲೆ ಟೀವಿ ಎದ್ದು ಯಾವುದೋ ಹೊಸ ಸಿನಿಮಾದ ಜಾಹೀರಾತು ತೋರಿಸಿತು. ಭಾಮೈದನ ರಿಮೋಟ್ ಅವನ ಮನೆಯಲ್ಲೇ ಬಿಟ್ಟು ಬಂದಿದ್ದೆ.

ಆ ಕತ್ತಲೆಯಲ್ಲಿ ಕೂತಾಗ ಬೆಂಗಳೂರಿನವರ ಮಾತು ತಲೆಯಲ್ಲಿ ಓಡಿತು. ಒಂದು ಆಡುವುದು, ಮೂರು ನೋಡುವುದು. ಸರಿ. ಆದರೆ ನನ್ನ ವಿಷಯದಲ್ಲಿ ಆ ಮೂರೂ ಸಮ ಅಲ್ಲ. ರಿಟ್ರೀವರ್‌ಗಳನ್ನು ನೋಡಿದರೆ ಸಾಕು. ಕಾವಲುಗಾರನನ್ನು ಓದಬೇಕು. ಇಷ್ಟು ದಿನ ನಾನು ಓದುವ ವಿಂಡೋವನ್ನು ಮನೆಯ ಅತಿ ಕೆಟ್ಟ ಪರದೆಗೆ ಹಾಕಿ, ಕಲ್ಲು ತೋರಿಸುವ ಓರ್ಕಾಗೆ ಒಳ್ಳೇ ಪರದೆ ಕೊಟ್ಟಿದ್ದೆ. ಪ್ರೂಫ್ ನೋಡುವವನನ್ನು ಟ್ಯೂಬ್‌ಲೈಟ್ ಇಲ್ಲದ ಮೂಲೆಯಲ್ಲಿ ಕೂರಿಸಿದ ಹಾಗೆ.

ಹಾಗಾಗಿ 27 ಇಂಚಿನ 2560×1440 ಐಪಿಎಸ್ ಒಂದೇ ತಂದೆ. 16 ಸಾವಿರ ಚಿಲ್ಲರೆ ಆಯಿತು. ಅದರಲ್ಲಿ ಎಡಕ್ಕೆ ಓರ್ಕಾ, ಬಲದ 640 ಪಿಕ್ಸೆಲ್ಲಿನಲ್ಲಿ ರಿಟ್ರೀವರ್‌ಗಳ ಎರಡು ಚಿಕ್ಕ ಚಿತ್ರ. ಹಳೇ 24 ಇಂಚನ್ನು ಪಕ್ಕಕ್ಕೆ ಸರಿಸಿ ಪೂರ್ತಿ ಕಾವಲುಗಾರನಿಗೆ ಕೊಟ್ಟೆ. ಅವನ ವಿಂಡೋದಲ್ಲಿ ಲೋಕಲ್ ಪಟ್ಟಿಯನ್ನು ಬಲ ಅಂಚಿಗೆ ಎಳೆದು, ಇಂಟರ್‌ಫೇಸ್ ಅಳತೆ 125 ಮಾಡಿದ್ದೇನೆ. ಈಗ ಅದು ಓರ್ಕಾ ವಿಂಡೋದ ಪಕ್ಕದಲ್ಲೇ ಬರುತ್ತೆ. ತಲೆ ತಿರುಗಿಸುವ ಕೆಲಸವೇ ಇಲ್ಲ, ಕಣ್ಣು ಹೊರಳಿಸಿದರೆ ಸಾಕು. ಎರಡೂ ಮಾನಿಟರ್ ಯುಪಿಎಸ್ ಮೇಲೆ.

ಒಂದು ಸಣ್ಣ ಕಿರಿಕಿರಿ ಇದೆ. ಒಂದು ಮಾನಿಟರ್ ಆಫ್ ಮಾಡಿದರೆ ವಿಂಡೋಗಳೆಲ್ಲ ಇನ್ನೊಂದಕ್ಕೆ ಗುಳೆ ಹೋಗುತ್ತಿದ್ದವು. ವಿಂಡೋಸ್ 11ರ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಮಾನಿಟರಿಗೆ ತಕ್ಕಂತೆ ವಿಂಡೋ ಜಾಗ ನೆನಪಿಡುವ ಒಂದು ಟಿಕ್ ಇದೆ, ಅದು ಹಾಕಿದ ಮೇಲೆ ಬಹುಪಾಲು ಸರಿಹೋಯಿತು.

ಹಳೇ ಟೀವಿ ಅಮ್ಮನ ಕೋಣೆಗೆ ಹೋಯಿತು. 'ಎಸೀಬೇಡ ಅಂದಿರಲಿಲ್ವಾ' ಅಂದರು. ಇವತ್ತು ರಾತ್ರಿ 10:40ಕ್ಕೆ ಒಂದು ಕೆಂಪು ಮೈನಸ್ ಬಂತು. ಹೆಸರು ಪೂರ್ತಿ ಓದಿದೆ, ಗುರುವಾರದವನೇ. ಓರ್ಕಾ ಹೊಸದು, ಇನ್ನೂ ಸಾಲ ತೀರಿಲ್ಲ. ಅದು ನಿಧಾನವಾಗಿ ತಿರುಗಿ ಸ್ಟೇಷನ್ ಒಳಗೆ ಹೋಗುವ ತನಕ ಉಸಿರು ಬಿಗಿಹಿಡಿದು ಕೂತಿದ್ದೆ. ಅವನು ಬಂದಾಗ ನಾವು ಕಲ್ಲು ಒಡೆಯುವ ಬೆಲ್ಟ್ ಖಾಲಿ.


ಒಂದೇ_ಅಕೌಂಟ್
ಮಂಗಳವಾರ, ಬೆಳಿಗ್ಗೆ 7:05

ಉಳಿದ 19 ಸಾವಿರ ಏನು ಮಾಡ್ತೀರಿ ಅಣ್ಣ?


ಫ್ಲೆಕ್ಸ್_ಅಣ್ಣ, ದಾವಣಗೆರೆ
ಮಂಗಳವಾರ, ಬೆಳಿಗ್ಗೆ 9:30

ಮನೆಯಲ್ಲಿ ಗೊತ್ತಾಗಿದೆ. ಮಿಕ್ಸಿ ಬರುತ್ತೆ.